ಇಳಕಲ್ಲಿನ ಗಾಡಿ ನೋಡಿ ಬಂದದ್ದು

ಬಾದಾಮಿ
ದಿ. 6-10-1981

ಹುನಗುಂದದಲ್ಲಿರುವ ಯಜಮಾನರಿಗೆ ಸಿದ್ದವ್ವ ಮಾಡುವ ನಮಸ್ಕಾರಗಳು.

ನಾನೂ ಅತ್ತೆಯವರೂ ಆರಾಮಾಗಿದ್ದೇವೆ. ಅತ್ತೆಯವರ ಮೊಣಕಾಲು ನೋವು ಎಣ್ಣೆ ತಿಕ್ಕಿದ ಮೇಲೆ ಸ್ವಲ್ಪ ಇಳಿದಿದೆ. ಬಾದಾಮಿ ಬಿಟ್ಟು ಹುನಗುಂದಕ್ಕೆ ಬರಲು ಮಾತ್ರ ಈಗಲೂ ಒಲ್ಲೆನೆನ್ನುತ್ತಾರೆ. ನೀವು ವೇಳೆಗೆ ಸರಿಯಾಗಿ ಉಣ್ಣುತ್ತಿದ್ದೀರೆಂದು ತಿಳಿದೆ. ಎಲ್ಲಿ ಉಣ್ಣುತ್ತಿದ್ದೀರೆಂಬುದೂ ನಿಮ್ಮ ಪತ್ರದಿಂದ ತಿಳಿಯಿತು.

ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೋಳ ಹಸನು ಮಾಡುವುದಿತ್ತು, ಮನೆ ಸಾರಿಸುವುದಿತ್ತು ಎಂದು ನೆವ ಹೇಳಬಹುದು. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಮದುವೆಯಾದಾಗಿನಿಂದ ನೀವು ಬರೆದ ಪತ್ರಗಳಲ್ಲಿ ಇದೇ ಉದ್ದದ್ದು. “ಕ್ಷೇಮ, ಪಗಾರ ಕಳಿಸಿದ್ದೇನೆ, ಅವ್ವನನ್ನು ನೋಡಿಕೋ” ಎನ್ನುವುದರ ಮೇಲೆ ಒಂದು ಸಾಲು ಬರೆಯದವರು ಈ ಸಲ ಇನ್‌ಲ್ಯಾಂಡಿನ ಅಂಚನ್ನೂ ಬಿಟ್ಟಿಲ್ಲ. ಓದುತ್ತ ಹೋದರೆ ಅರ್ಧ ಗಾಡಿಯ ಸುದ್ದಿ, ಇನ್ನರ್ಧ ಗಾಡಿ ಮಾರುವವಳ ಸುದ್ದಿ.

ಸೈಕಲ್ಲಿನ ಮೇಲೆ ಹಳ್ಳಿ ತಿರುಗಿ ಗ್ರಾಮಸೇವಕರಾದ ನಿಮಗೆ ಸಾಕಾಗಿದೆ, ಒಂದು ಹಳೆಯ ಮೋಟರ್ ಸೈಕಲ್ ಕೊಳ್ಳಬೇಕೆಂದಿದ್ದೀರಿ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಹೋದ ವರ್ಷ ತೀರಿಕೊಂಡರು, ಅವರ ಗಾಡಿಯನ್ನು ಹೆಂಡತಿ ಗುರುಲಿಂಗವ್ವ ಮಾರುತ್ತಿದ್ದಾಳೆ. ಇಷ್ಟು ತಿಳಿದರೆ ನನಗೆ ಸಾಕಿತ್ತು. ಆಕೆಯ ಕೈಯ ಜುಣಕದ ವಡೆ ಎಷ್ಟು ಮೆತ್ತಗಿತ್ತು, ಆಕೆ ಎಂಥ ಧೈರ್ಯದ ಹೆಣ್ಣುಮಗಳು ಎಂದೆಲ್ಲ ತಿಳಿಯದಿದ್ದರೂ ನಡೆಯುತ್ತಿತ್ತು. ಜುಣಕದ ವಡೆ ನಾನೂ ಮಾಡುತ್ತೇನೆ. ತಿಂದು, ಕೈ ತೊಳೆದುಕೊಂಡು, ಮಾತಿಲ್ಲದೆ ಎದ್ದು ಹೋಗುತ್ತೀರಿ.

ಇರಲಿ. ಕುಳಗೇರಿ ಕ್ರಾಸಿನ ಗ್ಯಾರೇಜಿನಲ್ಲಿ ಬೆಳೆದವಳೆಂದು ನನ್ನನ್ನು ಕೇಳಿದ್ದೀರಿ, ಹೇಳುತ್ತೇನೆ. ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಒದ್ದು ಒದ್ದು ಚಾಲೂ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣನೆಯ ಗಾಡಿ ಎಷ್ಟು ಕಿಕ್ಕಿಗೆ ಏಳುತ್ತದೆ ಎಂದು ನೋಡಿಯೇ ನಮ್ಮಪ್ಪ ಮುಂದಿನ ಮಾತಾಡುತ್ತಾನೆ. ಎದ್ದ ಮೇಲೆ ಹೊಗೆ ನೋಡಿ. ಮೊದಲಿಗೆ ನೀಲಿಯಾಗಿ ಬಂದು ತಿಳಿಯಾದರೆ ಚಿಂತೆಯಿಲ್ಲ, ಬರುತ್ತಲೇ ಇದ್ದರೆ ಒಳಗೆ ಖರ್ಚಿದೆ. ಚೈನು ತಿರುಗುವ ಗಾಲಿಯ ಹಲ್ಲು ಚೂಪಾಗಿ ಬಾಗಿದ್ದರೆ ಚೈನೂ ಹೋಯಿತು, ಗಾಲಿಯೂ ಹೋಯಿತು. ಹ್ಯಾಂಡಲಿನ ಕೆಳಗೆ, ಚೌಕಟ್ಟಿನ ಕೊರಳಿನ ಹತ್ತಿರ ಬೆರಳಾಡಿಸಿ. ಬಣ್ಣದ ಕೆಳಗೆ ವೆಲ್ಡಿಂಗಿನ ಗಂಟು ಸಿಕ್ಕರೆ ಎಲ್ಲೋ ಜೋರಾಗಿ ಗುದ್ದಿಸಿಕೊಂಡು ಬಂದ ಗಾಡಿ ಅದು. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಎರಡೂ ಗಾಲಿ ಒಂದೇ ಗೆರೆಯಲ್ಲಿರಬೇಕು. ಇಂಜಿನ್ ನಂಬರು, ಚಾಸಿ ನಂಬರು ಆರ್.ಸಿ. ಬುಕ್ಕಿನೊಂದಿಗೆ ಕೂಡಬೇಕು. ಬುಕ್ಕು ಇನ್ನೂ ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಕೆಗೆ ಹೇಳಿ. ಆ ಓಡಾಟಕ್ಕೆ ಮೈದುನರು ಯಾರಾದರೂ ಇದ್ದಾರು. ನೀವೇ ಬಿಜಾಪುರದ ಕಚೇರಿಗೆ ಕರೆದುಕೊಂಡು ಹೋಗಬೇಕೆಂದಿಲ್ಲ.

ಇದೆಲ್ಲ ಸೇರಿ ಒಂದು ತಾಸಿನ ಕೆಲಸ, ಚಹಾ ಕುಡಿಯುವುದನ್ನೂ ಹಿಡಿದು. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ.

ನಿಮ್ಮ
ಸಿದ್ದವ್ವ

*

ಬಾದಾಮಿ
ದಿ. 10-11-1981

ಯಜಮಾನರಿಗೆ ನಮಸ್ಕಾರಗಳು.

ಈ ಸಲ ತಡ ಮಾಡಿಲ್ಲ. ನಿಮ್ಮ ಪತ್ರ ಬಂದ ದಿನವೇ ಬರೆಯಲು ಕುಳಿತಿದ್ದೇನೆ. ಅತ್ತೆಯವರು ಚೆನ್ನಾಗಿದ್ದಾರೆ. ನನ್ನ ಸುದ್ದಿ ಕೇಳಬೇಡಿ.

ದೀಪಾವಳಿಗೆ ಬಂದವರು ಪಾಡ್ಯದ ಮರುದಿನವೇ ಹೊರಟು ನಿಂತಿರಿ. ಬರುವಾಗಲೂ ಕುಂಟುತ್ತಿದ್ದಿರಿ, ಹೋಗುವಾಗಲೂ ಕುಂಟುತ್ತಿದ್ದಿರಿ. ಏನಾಯಿತೆಂದರೆ “ಆಫೀಸಿನ ಮೆಟ್ಟಿಲು ಎಡವಿದೆ” ಎಂದಿರಿ. ಕಾಲು ತೋರಿಸಲಿಲ್ಲ. ಗಾಡಿಯ ಮಾತು ತೆಗೆದರೆ ಪೇಪರು ಹಿಡಿದು ಕುಳಿತಿರಿ.

ಮೊನ್ನೆ ನಮ್ಮ ಓಣಿಯ ರಂಜಾನಬಿ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದಳು. ಬಂದವಳೇ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೇಳಿದಳು: “ನಿಮ್ಮವರನ್ನ ನೋಡಿದ್ನಿ ಸಿದ್ದವ್ವಾ. ಆ ಸೀರಿ ವ್ಯಾಪಾರಿ ಮನಿ ಕಟ್ಟಿ ಮ್ಯಾಲ ಕುಂತಿದ್ರು. ಅಂಗಿ ತುಂಬ ಮಣ್ಣು. ಆ ಹೆಣ್ಣಮಗಳು ಒಳಗಿಂದ ಅರಿಷಿಣ ತಂದು ಕೊಟ್ಳು. ನಾ ಮಾತಾಡಸ್ಲಿಲ್ಲವಾ, ಭಾಳ ಖುಷೀಲೆ ಇದ್ರು.”

ಭಾಳ ಖುಷೀಲೆ ಇದ್ದಿರಂತೆ. ನಾನು ಆ ಮಾತನ್ನೇ ಹಿಡಿದು ಕುಳಿತೆ, ಹೆಂಚಿನ ಮೇಲೆ ರೊಟ್ಟಿ ಕರಕಾಯಿತು. ಅತ್ತೆಯವರು “ಏನ್ ವಾಸನಿ ಬೇ ಅದು” ಎಂದು ಒಳಗಿನಿಂದ ಕೂಗಿದರು.

ಪ್ರತಿ ಭಾನುವಾರ ಹೋಗುತ್ತೀರಿ, ಪ್ರತಿ ಪತ್ರದಲ್ಲಿ ಹೊಸ ಕಾರಣ. ಒಂದು ವಾರ ಬ್ರೇಕು ನೋಡುವುದಿತ್ತು. ಇನ್ನೊಂದು ವಾರ ಲೈಟು. ಈಗ “ಗಾಡಿ ಇನ್ನೂ ನನ್ನ ಕೈಗೆ ಕೂಡಿಲ್ಲ” ಎಂದು ಬರೆದಿದ್ದೀರಿ. ನನ್ನನ್ನು ನೋಡಲು ನೀವು ಬಂದದ್ದು ಒಂದೇ ಸಲ. ಅವಲಕ್ಕಿ ತಿಂದು ಮುಗಿಯುವುದರೊಳಗೆ ಒಪ್ಪಿಬಿಟ್ಟಿರಿ. ಹಳೆಯ ಗಾಡಿಯೊಂದಕ್ಕೆ ಇಷ್ಟು ಸಲ ಹೋಗಿ ನೋಡುವವರನ್ನು ನಾನು ಗ್ಯಾರೇಜಿನಲ್ಲೂ ಕಂಡಿಲ್ಲ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಹೊಟ್ಟೆ ಉರಿಯುತ್ತಿದೆ. ಗಂಡ ಸತ್ತ ಹೆಂಗಸಿನ ಮೇಲೆ ಹೀಗೆ ಉರಿದುಕೊಳ್ಳುವುದು ತಪ್ಪೆಂದು ಗೊತ್ತು, ಆದರೂ ಉರಿಯುತ್ತಿದೆ. ನೀವು ಯಾರ ಮನೆಯವರಾಗಿ ಉಳಿಯುತ್ತೀರಿ ಎಂಬುದಷ್ಟೇ ನನ್ನ ಚಿಂತೆ. ಗಾಡಿ ಕೊಳ್ಳುವುದಿದ್ದರೆ ಕೊಳ್ಳಿ, ಬಿಡುವುದಿದ್ದರೆ ಬಿಡಿ. ಆ ಮನೆಯ ಕಟ್ಟೆಯನ್ನು ಮಾತ್ರ ಬಿಡಿ.

ಸಿದ್ದವ್ವ

*

ಬಾದಾಮಿ
ದಿ. 25-11-1981

ಯಜಮಾನರಿಗೆ ಸಿದ್ದವ್ವನ ನಮಸ್ಕಾರಗಳು.

ಹೋದ ಪತ್ರಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ದಾರಿ ನೋಡಿ ನೋಡಿ ತಡೆಯಲಾಗದೆ ನಿನ್ನೆ ನಾನೇ ಇಳಕಲ್ಲಿಗೆ ಹೋಗಿ ಬಂದೆ. ಸಿಟ್ಟು ಮಾಡುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿ.

ಕುಳಗೇರಿ ಕ್ರಾಸಿನಿಂದ ಅಪ್ಪನನ್ನು ಕರೆಸಿಕೊಂಡೆ. “ಅಳ್ಯಾರು ನೋಡಿದ ಗಾಡಿ, ಒಂದ್ಸಲ ನೀನೂ ನೋಡಪ್ಪ. ನಾವು ಯಾರು ಅಂತ ಮಾತ್ರ ಹೇಳಬ್ಯಾಡ, ರೇಟು ಏರಸ್ತಾರ” ಎಂದೆ. ಅಪ್ಪ ನನ್ನ ಮುಖ ನೋಡಿದ, ಬಸ್ಸು ಹತ್ತಿದ. ನಾನು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಇಳಕಲ್ಲ ಸೀರೆ ತೆಗೆದು ಉಟ್ಟಿದ್ದೆ. ಸೀರೆ ನೇಯುವ ಊರಿಗೆ ಸೀರೆ ತೋರಿಸಲು ಹೊರಟಿದ್ದೆ ನೋಡಿ. ದಾರಿಯುದ್ದಕ್ಕೂ ಆಕೆಯ ದುಂಡು ಮುಖ, ಮೆತ್ತನೆಯ ಮಾತು ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡು ಬೈಯುತ್ತಿದ್ದೆ.

ಬಾಗಿಲಿಗೆ ಬಂದವಳು ತೆಳ್ಳಗಿನ, ಮುಂಗೂದಲು ನರೆತ ಹೆಂಗಸು. ಹಣೆಯ ಮೇಲೆ ವಿಭೂತಿ, ಒರಟು ದನಿ. ನಿಮಗಿಂತ ದೊಡ್ಡವಳೇ ಇರಬೇಕು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಚೆಲುವೆಯಾಗಿದ್ದರೆ ಗಂಡಸರ ಬುದ್ಧಿಯೇ ಇಷ್ಟು ಎಂದು ಬೈದು ಮುಗಿಸುತ್ತಿದ್ದೆ. ಈಕೆಯಲ್ಲಿ ನಿಮಗೆ ಸಿಕ್ಕದ್ದೇನು ಎಂದು ನಿಂತಲ್ಲೇ ಹುಡುಕತೊಡಗಿದೆ.

“ಗಾಡಿ ಒಬ್ರಿಗೆ ಮಾತು ಕೊಟ್ಟೇನ್ರಿ. ದೂರದಿಂದ ಬಂದೀರಿ, ನೋಡೂದಿದ್ರ ನೋಡ್ರಿ” ಎಂದು ಗುರುಲಿಂಗವ್ವ ಹಿತ್ತಲಿಗೆ ಕರೆದೊಯ್ದಳು. ಆಕೆಯ ಅತ್ತೆ ಅಲ್ಲೇ ನೂಲು ಸುತ್ತುತ್ತ ಕುಳಿತಿದ್ದಳು. ಅಪ್ಪ ಇಂಜಿನ್ನಿನ ಮೇಲೆ ಅಂಗೈ ಇಟ್ಟ, ತಣ್ಣಗಿತ್ತು. ಎರಡನೆಯ ಕಿಕ್ಕಿಗೆ ಎದ್ದಿತು. ಹೊಗೆ ತಿಳಿಯಾಯಿತು, ಚೈನಿನ ಹಲ್ಲು ಚೆನ್ನಾಗಿದ್ದವು, ವೆಲ್ಡಿಂಗ್ ಎಲ್ಲೂ ಸಿಗಲಿಲ್ಲ. ಆಮೇಲೆ ಅಪ್ಪ ಎಡಗಡೆ ಕುಕ್ಕರಗಾಲಲ್ಲಿ ಕುಳಿತ. ಕ್ಲಚ್ಚಿನ ಹಿಡಿಯ ತುದಿ ಸವೆದಿತ್ತು. ಕಾಲಿಡುವ ಕಬ್ಬಿಣ ಮೇಲಕ್ಕೆ ಬಾಗಿತ್ತು. ಗೀರುಗಳಲ್ಲಿ ಇನ್ನೂ ಮಣ್ಣಿತ್ತು.

“ಇದು ಓಡುವಾಗ ಬಿದ್ದ ಗಾಡಿ ಅಲ್ಲ” ಎಂದ ಅಪ್ಪ. “ಗೀರು ಉದ್ದ ಇಲ್ಲ. ನಿಂತಲ್ಲೇ ಬಿದ್ದೈತಿ, ಅದೂ ಈಗೀಗ. ಯಾರೋ ಕಲಿಯಾಕತ್ತಾರ ಇದರ ಮ್ಯಾಲ.”

ಗುರುಲಿಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ಖರೇನರಿ. ಹುನಗುಂದದ ಗ್ರಾಮಸೇವಕರು ಅದಾರ, ಅವರಿಗೇ ಮಾತು ಕೊಟ್ಟೇನಿ. ಗಾಡಿ ಹೊಡಿಯಾಕ ಬರೂದಿಲ್ಲ ಅವರಿಗೆ. ಕನ್ಯಾ ನೋಡಾಕ ಹೋದಾಗ ಮಾವ ಕೇಳಿದ್ರಂತ, ಬರ್ತೈತಿ ಅಂತ ಅಂದುಬಿಟ್ಟಾರ. ಮಾವಂದು ಗ್ಯಾರೇಜ ಐತಂತ, ಮನಿಯಾಕೀನೂ ಎಲ್ಲಾ ಬಲ್ಲಾಕಿ. ಆಕಿ ಮುಂದ ಬೀಳಾಕ ನಾಚಿಕಿ ಅವರಿಗೆ. ಅದಕ್ಕ ಇಲ್ಲಿ ಬಂದು ಬೀಳ್ತಾರ.”

ಅಪ್ಪ ನೆಲ ನೋಡುತ್ತ ಕುಳಿತ. ನಿಮ್ಮನ್ನು ಅಂದು ಆ ಮಾತು ಕೇಳಿದವನು ಅವನೇ ಅಲ್ಲವೇ. ನಾನು, “ಯಾರು ಕಲಸ್ತಾರವ್ವಾ ಅವರಿಗೆ?” ಎಂದೆ.

“ನಾನರಿ. ನಮ್ಮ ಮನಿಯವರ ಹಿಂದ ಕುಂತು ಕುಂತು ನೋಡೇನಲ್ಲ. ಹಿಂದಿನ ಹಿಡಿಕಿ ಹಿಡದು ಓಡ್ತೇನಿ. ಕ್ಲಚ್ಚು ಸಾವಕಾಶ ಬಿಡ್ರಿ ಅಂತ ಒದರ್ತೇನಿ. ಗಪ್ಪನ ಬಿಡ್ತಾರ, ಬೀಳ್ತಾರ. ಅರಿಷಿಣ ಹಚಗೊಂಡು ಮತ್ತ ಏರ್ತಾರ.”

ನಾವು ಯಾರೆಂದು ಆಕೆಗೆ ಕೊನೆಯವರೆಗೂ ಹೇಳಲಿಲ್ಲ. ಹೇಳುವ ಮುಖವೂ ಇರಲಿಲ್ಲ. ತಿರುಗಿ ಬರುವಾಗ ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ನಿಮ್ಮ ಆಫೀಸು ಅಲ್ಲೇ ಹತ್ತಿರ. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತೆ. ಅಮೀನಗಡದಲ್ಲಿ ಚಹಾ ಕುಡಿಯುವಾಗ ಅಪ್ಪ ಹೇಳಿದ: “ಕಲೀಲಿ ಬಿಡವಾ. ಗಾಡಿ ಛಲೋ ಐತಿ, ತಗೋರಿ ಅಂತ ಬರಿ.” ಸುಳ್ಳು ಹೇಳಿದ ಅಳಿಯನ ಬಗ್ಗೆ ಅವನು ಅಂದದ್ದು ಇಷ್ಟೇ.

ನಿಮ್ಮ ಮೇಲೆ ನನಗಿದ್ದ ಸಂಶಯ ಹೋಯಿತು. ಹೊಟ್ಟೆಕಿಚ್ಚು ಹೋಯಿತೆಂದು ಮಾತ್ರ ತಿಳಿಯಬೇಡಿ, ಅದು ಹೆಚ್ಚಾಗಿದೆ. ಆ ಹಿಡಿಕೆ ಹಿಡಿದು ಓಡಬೇಕಾದವಳು ನಾನು. ಕ್ರಾಸಿನ ಹಿಂದಿನ ಬಯಲಿನಲ್ಲಿ ಮಾಸ್ತರರು, ತಲಾಟಿಗಳು, ದೊಡ್ಡ ದೊಡ್ಡ ಸಾಹುಕಾರರು ಬೀಳುವುದನ್ನು ನೋಡುತ್ತಲೇ ಬೆಳೆದಿದ್ದೇನೆ. ಬಿದ್ದವರನ್ನು ಯಾರೂ ಹಗುರಾಗಿ ಕಾಣುತ್ತಿರಲಿಲ್ಲ. ನನ್ನ ಮುಂದೆ ಬಿದ್ದಿದ್ದರೆ ನಿಮ್ಮ ಮರ್ಯಾದೆ ಎಲ್ಲಿಗೆ ಹೋಗುತ್ತಿತ್ತು? ನಾನು ನಿಮಗೆ ಅಷ್ಟು ಹೆದರಿಕೆ ಹುಟ್ಟಿಸುವ ಹೆಂಡತಿಯಾದದ್ದು ಯಾವಾಗ?

ಗಾಡಿ ಕೊಳ್ಳಿ. ಅದನ್ನು ಹೊಡೆದುಕೊಂಡು ಬರುವ ಸಾಹಸ ಬೇಡ, ಯಾವುದಾದರೂ ಲಾರಿಯಲ್ಲಿ ಹೇರಿಸಿಕೊಂಡು ಬನ್ನಿ. ಉಳಿದದ್ದನ್ನು ಇಲ್ಲಿ ಕಲಿಯಿರಿ. ಅರಿಷಿಣ ನಮ್ಮ ಮನೆಯಲ್ಲೂ ಇದೆ. ಗುರುಲಿಂಗವ್ವನಿಗೆ ಹೊರಡುವಾಗ ನಾನು ಯಾರೆಂದು ಹೇಳಿಬಿಡಿ, ಸೀರೆ ಗುರುತು ಹೇಳಿದರೆ ತಿಳಿಯುತ್ತದೆ.

ಅತ್ತೆಯವರಿಗೆ ಇದಾವುದನ್ನೂ ಹೇಳಿಲ್ಲ. ಮಗನಿಗೆ ಆಯುಷ್ಯ, ಆರೋಗ್ಯ ಕೊಟ್ಟು ಬನಶಂಕರಿ ಕಾಯಲಿ ಎಂದು ಹರಸಿದ್ದಾರೆ.

ನಿಮ್ಮ
ಸಿದ್ದವ್ವ

ತಾ.ಕ.: ಒಂದು ಸಂಗತಿ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಬಿದ್ದ ಕೂಡಲೇ ನೀವು ನಗುತ್ತೀರಂತೆ. “ಮಣ್ಣಾಗ ಕುಂತು ಕಣ್ಣಾಗ ನೀರು ಬರೂಮಟ ನಗತಾರಿ ಸಾಹೇಬ್ರು” ಎಂದಳು ಗುರುಲಿಂಗವ್ವ. ನೀವು ಹಾಗೆ ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ಎಂದೂ ನೋಡಿಲ್ಲ. ಅಪ್ಪ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದಾಗ, ಪರಕೀಯಳಂತೆ ಆಕೆಯನ್ನು ಕೇಳಿದೆ: “ಅವರು ನಕ್ಕರ ಹೆಂಗ ಕಾಣ್ತಾರವ್ವಾ?” ಪಾಪ, ಆಕೆಗೇನು ಗೊತ್ತು. ತಲೆ ಹಿಂದಕ್ಕೆ ಚೆಲ್ಲಿ, ಒಂದು ಕೈ ಎದೆಯ ಮೇಲಿಟ್ಟು, ನಿಮ್ಮ ಹಾಗೆ ನಕ್ಕು ತೋರಿಸಿದಳು. ನನ್ನ ಗಂಡ ನಗುವುದು ಹೇಗೆಂದು ನಾನು ಇಳಕಲ್ಲಿನಲ್ಲಿ, ಆಕೆಯ ಮುಖದಲ್ಲಿ ನೋಡಿ ಬಂದೆ.