ಮೂರನೇ ಸಾಲಿನ ನಡುವೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಇದು ನಾಲ್ಕನೇ ಹಾಳೆ. ಮೊದಲ ಮೂರರಲ್ಲಿ ಜಂಬ ಕೊಚ್ಚಿಕೊಂಡಿದ್ದೆ, ಹರಿದುಹಾಕಿದೆ. ನಮ್ಮ ಹಾಡಿನ ತಂಡ ಬಿಟ್ಟು ಎರಡು ತಿಂಗಳಾಯಿತು, ಒಡಹುಟ್ಟಿದವಳಿಗೆ ಒಂದು ಫೋನೂ ಮಾಡಲಿಲ್ಲ. ಬೈದುಕೋ, ಆದರೆ ಪೂರ್ತಿ ಓದು.

ನಾನೊಬ್ಬಳೇ ಹಾಡುವ ಮೊದಲ ಕಾರ್ಯಕ್ರಮ ಈ ಶನಿವಾರ. ಅಭ್ಯಾಸಕ್ಕೆಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆ ಹಿಡಿದಿದ್ದೇನೆ. ನಿನ್ನೆ ಅಜ್ಜಿಯ ದೋಣಿ ಹಾಡು ಎತ್ತಿಕೊಂಡೆ. ಮೂರನೇ ಸಾಲಿನ ನಡುವೆ ಉಸಿರು ಮುಗಿದುಹೋಯಿತು. ಮತ್ತೆ ಹಾಡಿದೆ, ಮತ್ತೆ ಅಲ್ಲೇ. ಹನ್ನೊಂದನೇ ಸಲಕ್ಕೆ ಹೊಲಿಗೆಯವಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. “ತಾಯಿ, ಆ ಹಾಡನ್ನ ಅಲ್ಲೇ ಯಾಕೆ ಕತ್ತರಿಸ್ತೀಯ? ನನ್ನ ಕಾಲೂ ಪೆಡಲ್ ಮೇಲೆ ಅಲ್ಲೇ ನಿಲ್ತಿದೆ” ಅಂದಳು.

ತಂಡದ ಹಳೆಯ ರೆಕಾರ್ಡಿಂಗ್ ಹಾಕಿ ಕಿವಿಗೊತ್ತಿಕೊಂಡು ಕೇಳಿದೆ. ಆ ಸಾಲಿನ ನಡುವೆ, ಚಿಟಿಕೆ ಹೊಡೆಯುವಷ್ಟು ಹೊತ್ತು, ನಾನು ಇಲ್ಲವೇ ಇಲ್ಲ ಗುಬ್ಬಿ. ಅಲ್ಲಿರುವುದು ನೀನು. ನಾನು ಉಸಿರೆಳೆದುಕೊಳ್ಳುವಾಗಲೆಲ್ಲ ನೀನು ನನ್ನ ದನಿಯನ್ನೇ ತೊಟ್ಟುಕೊಂಡು ಸಾಲನ್ನು ದಾಟಿಸುತ್ತಿದ್ದೆ. ಒಂಬತ್ತು ವರ್ಷ! ಇವಳಿಗೆ ಉಸಿರೇ ಬೇಡ ಎಂದು ಜನ ನನ್ನನ್ನು ಹೊಗಳುವಾಗ ನೀನು ಹಿಂದೆ ನಿಂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ. ನಾನೂ ಅದನ್ನೇ ನಂಬಿದೆ. ನಂಬಿಯೇ ತಂಡ ಬಿಟ್ಟೆ.

ಹೊರಟ ದಿನ ಡೋಲಿನವನು ಹೇಳಿದ್ದ, “ಹೋಗಕ್ಕ. ಆದ್ರೆ ಏನು ಬಿಟ್ಟು ಹೋಗ್ತಿದೀಯ ಅಂತ ನಿಂಗೇ ಗೊತ್ತಿಲ್ಲ.” ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಈಗ ಈ ಪತ್ರ ತರುತ್ತಿರುವವನೂ ಅವನೇ.

ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನಿಸುತ್ತದೆ. ಒಲೆಯ ಮೇಲೆ ನೀರಿಟ್ಟು ಮರೆಯುತ್ತೇನೆ. ಒಂದು ಉಪಕಾರ ಮಾಡು. ಹಾಡನ್ನು ಬರೆದು ಜೊತೆಗಿಟ್ಟಿದ್ದೇನೆ. ನೀನು ಎಲ್ಲೆಲ್ಲಿ ಒಳಬರುತ್ತಿದ್ದೆಯೋ ಅಲ್ಲೆಲ್ಲ ಪೆನ್ಸಿಲ್ ಗೆರೆ ಹಾಕಿ ಅವನ ಕೈಯಲ್ಲೇ ಕಳಿಸು. ಅಲ್ಲಿ ನಿಂತು, ಎಲ್ಲರಿಗೂ ಕೇಳುವಂತೆಯೇ ಉಸಿರೆಳೆದುಕೊಳ್ಳುತ್ತೇನೆ. ನಾಚಿಕೆಯಾದರೆ ಆಗಲಿ.

ನಿನ್ನ ದಡ್ಡ ಅಕ್ಕ

ತಾ.ಕ.: ಇದನ್ನು ಬರೆಯದೆ ಹಾಳೆ ಮಡಚಲು ಕೈ ಬರುತ್ತಿಲ್ಲ. ಶನಿವಾರದ ಕಾರ್ಯಕ್ರಮಕ್ಕೆ ಸಂಘಟಕಿ ಮೊದಲು ಕರೆದದ್ದು ನಮ್ಮಿಬ್ಬರನ್ನೂ. ನೀನು ಜೊತೆಗಿದ್ದರೆ ನನ್ನ ಹೆಸರು ಅರ್ಧವಾಗುತ್ತದೆ ಅನಿಸಿ, ನಿನಗೆ ಮನಸ್ಸಿಲ್ಲವೆಂದು ನಾನೇ ಹೇಳಿಬಿಟ್ಟೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಅವಳಿಗೆ ನಿಜ ತಿಳಿಸಿದೆ. ಎರಡನೇ ಮೈಕು ಇಡಿಸುತ್ತಾಳಂತೆ. ನೀನು ಬರದಿದ್ದರೂ ನಾನು ಅದನ್ನು ತೆಗೆಸುವುದಿಲ್ಲ.