ಹತ್ತನೆಯ ಚುಕ್ಕಿ

ಜನವರಿ 27, ಸೋಮವಾರ. ಮಧ್ಯಾಹ್ನ 3:40

ಕ್ಲಿಪ್ 259. ಮೃಗಾಲಯದ ಪಾಂಡಾ ಎಡಗೋಡೆಯಿಂದ ಕೊಳದ ತನಕ, ಮತ್ತೆ ಎಡಗೋಡೆ. ಅದೇ ದಾರಿ. ಎಂಟು ಸುತ್ತು.

ಹತ್ತು ನಿಮಿಷದ ವಿಡಿಯೋ. ಮೂವತ್ತು ಸೆಕೆಂಡಿಗೊಮ್ಮೆ ಮೂಲೆಯಲ್ಲಿ ಕೆಂಪು ಚುಕ್ಕಿ ಬರುತ್ತದೆ. ಆಗ ಅದು ಏನು ಮಾಡುತ್ತಿದೆ ಎಂದು ಗುರುತು ಹಾಕುವುದು. ತಿನ್ನುವುದು, ಮಲಗುವುದು, ನಡೆಯುವುದು. ಕಾರಣವಿಲ್ಲದೆ ಅದೇ ದಾರಿಯಲ್ಲಿ ಮೂರು ಸಲ ಸುತ್ತಿದರೆ ‘ಪಿ’, ಪೇಸಿಂಗ್. ಈ ಕ್ಲಿಪ್ಪಿಗೆ ಹದಿನೇಳು ಪಿ.

ಸೋಮವಾರದ ಮೇಲ್ ಬಂತು. ಪಾಂಡಾ ಅಧ್ಯಯನಕ್ಕೆ ಈ ವಾರ ಕ್ಲಿಪ್ ನೋಡಿಕೊಟ್ಟ ವಾಲಂಟಿಯರ್‌ಗಳ ಪಟ್ಟಿ. ಆರನೆಯ ಸಾಲು — ವಸಂತಾ, 14 ಕ್ಲಿಪ್.

ನನ್ನ ಹೆಂಡತಿ ತೀರಿ ಇವತ್ತಿಗೆ ಎಂಟು ವಾರ. ಹದಿನಾಲ್ಕೂ ನಾನೇ ನೋಡಿದ್ದು, ಅವಳ ಪಾಸ್‌ವರ್ಡಿನಲ್ಲಿ.

ಜನವರಿ 30

ಫ್ಯಾಕ್ಟರಿ ಶಿಫ್ಟು ಮುಗಿಸಿ ಬಂದೆ. ಕೂತೆ. ಎದ್ದೆ. ಬೇಸ್‌ಮೆಂಟಿಗೆ ಇಳಿದೆ, ಹತ್ತಿದೆ. ಚಹಾ ಇಟ್ಟಿದ್ದು ಮರೆತು ಪಾತ್ರೆ ಸೀದಿತು.

ಮೂರು ಕ್ಲಿಪ್.

ಫೆಬ್ರವರಿ 1, ಶನಿವಾರ

ಮಗಳು ಅಕ್ಷರಾ ನ್ಯೂಮಾರ್ಕೆಟ್ ಊರಿನಿಂದ ಬಂದಿದ್ದಳು. ತನ್ನ ಅವ್ವನ ಹೆಲ್ತ್ ಕಾರ್ಡು, ಫೋನು, ಲೈಬ್ರರಿ — ಒಂದೊಂದೇ ಕ್ಲೋಸ್ ಮಾಡಿಸುತ್ತಿದ್ದಾಳೆ. ನನ್ನಿಂದ ಆಗದ ಕೆಲಸ. ಮಗಳು ಅಳುವುದಿಲ್ಲ, ಪಟ್ಟಿ ಮಾಡುತ್ತಾಳೆ.

“ನೆಕ್ಸ್ಟ್, ಅಮ್ಮನ ಇಮೇಲ್.”

“ಅದು ಇರ್ಲಿ ಬಿಡವಾ.”

“ವೈ?”

ಕಿಟಕಿಗೆ ಹೋದೆ, ಒಲೆಯ ಹತ್ತಿರ ಬಂದೆ, ಮತ್ತೆ ಕಿಟಕಿ.

“ಅಪ್ಪಾ, ಸಿಟ್ ಡೌನ್. ಅಮ್ಮ ಇದ್ದಿದ್ರೆ ನಿನಗೇ ಪಿ ಹಾಕ್ತಿದ್ಲು.”

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಫೆಬ್ರವರಿ 3, ಸೋಮವಾರ

ಪಟ್ಟಿ ಬರುವ ಮೊದಲು ಬೇರೆ ಮೇಲ್. ಈ ಅಧ್ಯಯನ ನಡೆಸುವ ಹುಡುಗಿ ರಿಯಾ ಬರೆದಿದ್ದಾಳೆ. ವಸಂತಾಳ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿದವಳು, ಆಂಟಿ ಅನ್ನುತ್ತಾಳೆ. ನಿಘಂಟು ಇಟ್ಟುಕೊಂಡು ನಾಲ್ಕು ಸಲ ಓದಿದೆ.

ಎಲ್ಲರಿಗೂ ಆಗಾಗ ಅವರವರ ಹಳೆಯ ಕ್ಲಿಪ್ಪನ್ನೇ ಮತ್ತೆ ಕಳಿಸುತ್ತಾರಂತೆ, ಹೇಳದೆ. ಎರಡು ಸಲದ ಗುರುತೂ ಹೊಂದಬೇಕು. ಆಂಟಿಯದು ಯಾವಾಗಲೂ ನೂರಕ್ಕೆ ತೊಂಬತ್ತರ ಮೇಲೆ. ಈ ಸಲ ಅರವತ್ತು. ‘ಆಂಟಿ, ಕಣ್ಣು ಚೆನ್ನಾಗಿವೆಯಾ? ಹೀಗೇ ಆದರೆ ನಿಯಮದ ಪ್ರಕಾರ ನಿಮ್ಮ ಹೆಸರಿನಲ್ಲಿರುವ ಅಷ್ಟೂ ಕ್ಲಿಪ್ ತೆಗೆದುಹಾಕಬೇಕಾಗುತ್ತದೆ. 13ರಂದು ಫೋನ್ ಮಾಡಲೇ?’

ಅಷ್ಟೂ. ಅವಳು ನೋಡಿದ ಇನ್ನೂರ ಹತ್ತೂ.

ಫೆಬ್ರವರಿ 4

ಅವಳ ನೋಟ್‌ಬುಕ್ ಹುಡುಕಿದೆ. ಪ್ರಿಂಟರ್ ಕೆಳಗಿತ್ತು. ಹೊಸ ಸಂಖ್ಯೆ ಹಾಕಿ ಮರಳಿ ಕಳಿಸಿದ್ದು ಕ್ಲಿಪ್ 88 ಎಂದು ರಿಯಾಳ ಮೇಲ್‌ನಲ್ಲಿತ್ತು. ನಾನು ಹನ್ನೊಂದು ಪಿ ಹಾಕಿದ್ದೆ. ಅವಳು ಮೂರು.

ಅವಳ ಅಕ್ಷರ: ‘ನಾಕು ಸುತ್ತು ಆದ್ವು. ಆದ್ರ ಪಿ ಅಲ್ಲ. ಬಾಗಿಲ ಹಿಂದ ಬಕೆಟ್ ಸಪ್ಪಳ. ಊಟದ ಹಾದಿ ನೋಡಾಕತ್ತದ.’

ಬಕೆಟ್ಟಾ? ಮತ್ತೆ ಹಾಕಿ ನೋಡಿದೆ. ಎಲ್ಲೂ ಬಕೆಟ್ ಇಲ್ಲ. ಆಮೇಲೆ ಹೊಳೆಯಿತು. ನಾನು ಸೌಂಡ್ ಆಫ್ ಮಾಡಿ ನೋಡುತ್ತಿದ್ದೆ. ಮೊದಲ ದಿನದಿಂದ.

ಆ ಪಾಂಡಾ ಮನೆಯ ಫ್ಯಾನಿನ ಗುಂಯ್ ಸದ್ದು ನನಗೆ ಆಗುತ್ತಿರಲಿಲ್ಲ. “ಸಣ್ಣದ ಮಾಡ, ತಲಿ ಹಿಡೀತು” ಅನ್ನುತ್ತಿದ್ದೆ. “ಫ್ಯಾಕ್ಟರಿ ಸಪ್ಪಳ ನಡೀತದ, ಇದು ನಡ್ಯಾಂಗಿಲ್ಲೇನು ನಿಮಗ?” ಅಂದು ಇಯರ್‌ಫೋನ್ ತಂದುಕೊಂಡಳು. ಬೇಸ್‌ಮೆಂಟಿಗೆ ಹೋಗಿ ಕೂತಳು.

ಫೆಬ್ರವರಿ 11

ಏಳು ದಿನ ಒಂದೂ ಕ್ಲಿಪ್ ನೋಡಿಲ್ಲ. ನಿನ್ನೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಅಕ್ಷರಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ.

“ಅವ್ವನ ಕಣ್ಣು ಕೆಟ್ಟಾವ ಅಂತ ಹೇಳಿಬಿಡ್ಲೇನು? ಹೆಸರು ಉಳೀತದ.”

“ಅಪ್ಪಾ, ದೆನ್ ದೇ ಥ್ರೋ ಔಟ್ ಅಮ್ಮಾಸ್ ವರ್ಕ್.”

“ಖರೇ ಹೇಳಿದ್ರ?”

“ಅಕೌಂಟ್ ಹೋಗತ್ತೆ. ವರ್ಕ್ ಉಳಿಯತ್ತೆ. ನಾನು ಕಾಲ್ ಮಾಡ್ಲಾ?”

“ಬ್ಯಾಡ. ತಪ್ಪು ನಂದು.”

ಫೆಬ್ರವರಿ 13, ಗುರುವಾರ

ಹೊರಗೆ ಮೊಣಕಾಲುದ್ದ ಹಿಮ. ಎರಡು ಸಲ ಎತ್ತಿದೆ, ಎತ್ತುವುದಕ್ಕೆ ಇನ್ನೇನೂ ಇಲ್ಲದಾಗ ಒಳಗೆ ಬಂದೆ. ನಾಲ್ಕಕ್ಕೆ ಸರಿಯಾಗಿ ಫೋನು.

“ಹಾಯ್, ವಸಂತಾ ಆಂಟಿ?”

“ನೋ. ಹಸ್ಬೆಂಡ್.”

“ಓ, ಹಲೋ ಅಂಕಲ್! ಈಸ್ ಆಂಟಿ ದೇರ್?”

ಬೆಳಗಿನಿಂದ ಕಲಿತಿದ್ದ ವಾಕ್ಯ ಒಂದೂ ಬರಲಿಲ್ಲ.

“ಆಂಟಿ ಎಕ್ಸ್‌ಪೈರ್ಡ್. ಡಿಸೆಂಬರ್ ಸೆಕೆಂಡ್. ಆಫ್ಟರ್ ಟೂ ಇಲೆವೆನ್... ಆಲ್ ಮಿ.”

ಮತ್ತೆ ಹೇಳಿದೆ, “ಹರ್ ವರ್ಕ್ ಈಸ್ ಗುಡ್. ಮೈನ್, ಡಿಲೀಟ್.”

ಹುಡುಗಿ ಅಳುತ್ತಿದ್ದಳು. ನಾನೇ ಸಮಾಧಾನ ಮಾಡಬೇಕಾಯಿತು — ಇಟ್ಸ್ ಓಕೆ ಬೇಟಾ, ಇಟ್ಸ್ ಓಕೆ. ಇನ್ನೂರ ಹತ್ತು ಉಳಿಯುತ್ತವೆ ಅಂದಳು. ನನ್ನವು ಹೋಗುತ್ತವೆ. ಅಕೌಂಟ್ ನಾಳೆ ಐದಕ್ಕೆ ಮುಚ್ಚುತ್ತಾರೆ. ಅವಳು ಅರ್ಧಕ್ಕೆ ಬಿಟ್ಟ 211 ಲೆಕ್ಕಕ್ಕಿಲ್ಲ.

ಬೇಕಿದ್ದರೆ ನನ್ನ ಹೆಸರಿನಲ್ಲೇ ಮೊದಲಿನಿಂದ ಟ್ರೇನಿಂಗ್ ತಗೊಳ್ಳಬಹುದಂತೆ. ವಿಚಾರ ಮಾಡುತ್ತೇನೆ ಅಂದೆ.

ಫೆಬ್ರವರಿ 14, ಶುಕ್ರವಾರ. 4:35

ಬೇಸ್‌ಮೆಂಟು. ಅವಳ ಕುರ್ಚಿ. ಅವಳ ಇಯರ್‌ಫೋನು.

211 ಇಷ್ಟು ದಿನ ಮುಟ್ಟಿರಲಿಲ್ಲ. ನವೆಂಬರ್ 29ರಂದು ನೋಡುತ್ತ ಕೂತಿದ್ದಳು. ತಲೆ ಸಿಡಿಯುತ್ತಿದೆ ಎಂದು ಮೇಲೆ ಬಂದಳು. ಆಂಬುಲೆನ್ಸಿನಲ್ಲಿ ಮಲಗಿಸುವಾಗ ಇಯರ್‌ಫೋನ್ ಇನ್ನೂ ಕಿವಿಯಲ್ಲೇ ಇತ್ತು, ನಾನೇ ತೆಗೆದೆ. ಇಪ್ಪತ್ತು ಚುಕ್ಕಿಯಲ್ಲಿ ಒಂಬತ್ತಕ್ಕೆ ಗುರುತಿದೆ.

ಹಾಕಿದ್ದೇನೆ. ಮೊದಲಿನಿಂದ. ನೋಡುತ್ತಲೇ ಬರೆಯುತ್ತಿದ್ದೇನೆ.

ಫ್ಯಾನಿನ ಗುಂಯ್. ಅಷ್ಟೇನೂ ಜೋರಿಲ್ಲ. ಇದಕ್ಕಾ ಬೈದದ್ದು.

ನಾಲ್ಕನೆಯ ಚುಕ್ಕಿ, ಬಿದಿರು ತಿನ್ನುವುದು. ಕರಕರ ಕೇಳಿಸುತ್ತದೆ. ಏಳು, ಎದ್ದಿತು. ಎಂಟು, ಗೋಡೆಯಿಂದ ಕೊಳ. ಒಂಬತ್ತು, ಕೊಳದಿಂದ ಗೋಡೆ. ನಡೆಯುವುದು ಎಂದು ಹಾಕಿದ್ದಾಳೆ. ಪಿ ಅಲ್ಲ.

ಎಲ್ಲೋ ಒಂದು ಬಾಗಿಲು ತೆರೆದ ಸದ್ದು. ಪಾಂಡಾ ನಿಂತಿತು. ಕಿವಿ ಈ ಕಡೆ. ಹತ್ತನೆಯ ಚುಕ್ಕಿ ಬಂತು, ನಾನು ಏನೂ ಒತ್ತಲಿಲ್ಲ. ಬಕೆಟ್ ಸಪ್ಪಳ.