ಜೇಡಿಮಣ್ಣಿನ ಏರು

ಅಪ್ಪನ ಶೆಡ್ಡು,
ಸೆಪ್ಟೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ದಿನಾ ಕೆಲಸಕ್ಕೆ ಆರು ಕಿಲೋಮೀಟರ್ ನಡೆದೇ ಹೋಗುತ್ತೇನೆ ಎಂದು ಬರೆದಿದ್ದೆ. ನಡೆಯುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಕಾರು ಬಿಟ್ಟೆ ಸರಿ, ಪಾಪ ಆ ಬಸ್ಸು ನಿನಗೇನು ಮಾಡಿತ್ತು? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮೇಲ್ವಿಚಾರಕನ ಕೂಗಾಟವನ್ನು ಕಿವಿಗೆ ಹಾಕಿಕೊಳ್ಳಬೇಡ. ಇಲ್ಲಿ ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಬಿಪಿ ಮಾತ್ರೆಯನ್ನು ಮಾತ್ರ ನಾನು ಎದುರಿಗೆ ನಿಂತರಷ್ಟೇ ನುಂಗುತ್ತಾರೆ. ಇಲ್ಲದಿದ್ದರೆ ಅಂಗಿಯ ಜೇಬಿಗೆ ಹಾಕಿಕೊಂಡು, ನಟ್ಟು ಬೋಲ್ಟುಗಳ ಜೊತೆ ಅದನ್ನೂ ಮರೆತುಬಿಡುತ್ತಾರೆ. ಬಸ್ ಡಿಪೋದಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಬೆಳಗ್ಗೆ ಏಳಕ್ಕೆ ಶೆಡ್ಡಿನ ಬಾಗಿಲು ತೆಗೆಯದಿದ್ದರೆ ಅವರಿಗೆ ತಿಂಡಿ ಇಳಿಯುವುದಿಲ್ಲ. ನನ್ನ ಎಡಗೈ ಮೇಲೆ ಹೊಸದೊಂದು ಸುಟ್ಟ ಕಲೆ ಬಂದಿದೆ, ವೆಲ್ಡಿಂಗ್ ಮಾಡುವವಳಿಗೆ ಅದೇ ಬಳೆ ಎಂದುಕೊಂಡಿದ್ದೇನೆ.

ಮೇ ತಿಂಗಳಲ್ಲಿ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ. ಮನೆ ಬಿಟ್ಟ ಆರು ವರ್ಷಗಳಲ್ಲಿ ನೀನು ಬರೆದ ಮೊದಲ ಉದ್ದನೆಯ ಪತ್ರ ಅದು. ಅಷ್ಟು ಉದ್ದ ಬರೆದು ಕೇಳಿದ್ದು ಮಾತ್ರ ಒಂದೇ. ಮಳೆ ಬಿದ್ದ ಮೇಲೆ ಅಮ್ಮನ ಕಾರನ್ನು ಜೇಡಿಮಣ್ಣಿನ ಏರಿಗೆ ತೆಗೆದುಕೊಂಡು ಹೋಗು, ಎರಡನೇ ಸಲ ಪ್ರಯತ್ನಿಸಿದ್ದರೆ ಹತ್ತುತ್ತಿತ್ತೋ ಇಲ್ಲವೋ ನೋಡು, ನಿಜ ಬರಿ, ಅಲ್ಲಿಯವರೆಗೆ ನಾನು ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದೆ. ಆ ದಿನದ ಬಗ್ಗೆ ನೀನು ಬಾಯಿ ಬಿಟ್ಟದ್ದೂ ಅದೇ ಮೊದಲು. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಉಬ್ಬಸ ಏರುತ್ತಿತ್ತು, ಏರು ದಾಟಿದರೆ ಹತ್ತೇ ನಿಮಿಷಕ್ಕೆ ಆಸ್ಪತ್ರೆ, ಅರ್ಧದಲ್ಲಿ ಚಕ್ರ ಜಾರಿತು, ನಿನಗೆ ಕೈಕಾಲು ಆಡಲಿಲ್ಲ, ಕಾರು ತಿರುಗಿಸಿ ಸುತ್ತುದಾರಿ ಹಿಡಿದೆ, ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ನೀನು ಬರೆದ ಇಷ್ಟನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇದೇ ಪತ್ರದಲ್ಲಿದೆ. ಕೊನೆಯ ಪುಟಕ್ಕೆ ಹಾರುವ ನಿನ್ನ ಚಾಳಿ ನನಗೆ ಗೊತ್ತು, ದಯವಿಟ್ಟು ಹಾರಬೇಡ. ಸಾಲಾಗಿ ಓದಿಕೊಂಡು ಬಾ.

ಮೊದಲ ಸುದ್ದಿ ಏನೆಂದರೆ, ನೀನು ಬಿಟ್ಟುಹೋದ ಗುಬ್ಬಿ ಈಗ ಇಲ್ಲ. ಅಮ್ಮ ಪ್ರೀತಿಯಿಂದ ಗುಬ್ಬಿ ಎಂದು ಕರೆಯುತ್ತಿದ್ದ ಆ ಪುಟ್ಟ ಹಳೆಯ ಕಾರಿಗೆ ನಾಲ್ಕೂ ಚಕ್ರಗಳ ಎಳೆತ ಕೊಟ್ಟಿದ್ದೇವೆ. ಈಗ ಅದು ಕೆಸರು, ಕಲ್ಲು, ಹಳ್ಳ ಏನು ಬಂದರೂ ಹೋಗುತ್ತದೆ. ಹೀಗೆ ಮಾಡೋಣ ಎಂದು ಹೇಳಿದ್ದು ನಾನಲ್ಲ, ಅಪ್ಪ. ಜೂನ್ ತಿಂಗಳ ಒಂದು ಬೆಳಗ್ಗೆ ತಿಂಡಿಯ ತಟ್ಟೆ ಎತ್ತುತ್ತಾ, ‘ಗುಬ್ಬೀನ ಬಿಚ್ಚೋಣ’ ಅಂದರು. ಆರು ವರ್ಷ ಅದರ ಮೇಲೆ ಗೀರು ಬೀಳಲೂ ಬಿಡದವರು! ಯಾರಾದರೂ ನಿನ್ನ ಮಾತು ಎತ್ತಿದರೆ ಸಾಕು, ‘ಅದು ಹಗುರ ಗಾಡಿ ಕಣ್ರೀ, ಆ ಏರು ಅದರ ಕೈಲಾಗೋ ಮಾತಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಿದ್ದವರು! ಹಳೆಯ ಕಾರುಗಳನ್ನು ಕೂಡಿಡುವ ಶ್ರೀಮಂತರೊಬ್ಬರು ಸುದ್ದಿ ತಿಳಿದು ಓಡಿ ಬಂದರು. ಇಂಥ ಕಾರು ಇನ್ನೆಲ್ಲೂ ಉಳಿದಿಲ್ಲ, ಕತ್ತರಿಸಬೇಡಿ ಎಂದು ಅಂಗಲಾಚಿದರು. ಅಪ್ಪ ಅವರಿಗೆ ಚಹಾ ಕೊಟ್ಟು, ಅವರು ಲೋಟ ಕೆಳಗಿಡುವ ಮೊದಲೇ ನನ್ನ ಕೈಗೆ ಕಟರ್ ಕೊಟ್ಟರು. ಆ ಮನುಷ್ಯ ಕಿವಿ ಮುಚ್ಚಿಕೊಂಡು ಹೊರಗೆ ಹೋದ.

ಕೆಲಸವೇನೋ ಸುಲಭವಿರಲಿಲ್ಲ. ಎಂಜಿನ್ ಮುಂದೆ, ಎಳೆತವೆಲ್ಲ ಹಿಂದಿನ ಎರಡು ಚಕ್ರಕ್ಕೆ, ಹಿಂಭಾಗದಲ್ಲಿ ಭಾರವೇ ಇಲ್ಲ. ಒದ್ದೆ ಮಣ್ಣಿನಲ್ಲಿ ಅದು ಪರದಾಡುವುದು ಅದಕ್ಕೇ. ಗುಜರಿಗೆ ಬಿದ್ದ ಜೀಪೊಂದರಿಂದ ಚಕ್ರಗಳನ್ನು ಹೊರುವ ಎರಡೂ ಆಕ್ಸಲ್‌ಗಳನ್ನು, ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರುಪೆಟ್ಟಿಗೆಯನ್ನು ತಂದೆವು. ಪಕ್ಕದ ಲೇತ್ ಮಾಮ ನಿನಗೆ ನೆನಪಿರಬೇಕು, ಮೀಸೆಗೂ ಆಯಿಲ್ ಹಚ್ಚುತ್ತಾರೆ ಎಂದು ನಾವು ನಗುತ್ತಿದ್ದೆವಲ್ಲ, ಅವರೇ. ಜೀಪಿನ ಆಕ್ಸಲ್ ಒಂದು ಗೇಣು ಅಗಲವಾಗಿತ್ತು, ಅವರು ಕತ್ತರಿಸಿ ಗಿಡ್ಡ ಮಾಡಿಕೊಟ್ಟರು. ಗುಬ್ಬಿಯ ತಗಡಿನ ಮೈಯನ್ನು ನಾಲ್ಕು ಜನ ಸೇರಿ ತೊಟ್ಟಿಲು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟೆವು. ಅಡಿಗೆ ಕಬ್ಬಿಣದ ಚೌಕಟ್ಟು ನಾನೇ ಕೂಡಿಸಿದೆ. ಒಂದೇ ಒಂದು ಬೆಸುಗೆ ಬಿಟ್ಟರೆ ಕೇಳು, ಪಂದ್ಯ ಕಟ್ಟುತ್ತೇನೆ.

ತಪ್ಪಾದದ್ದು ಮುಂದಿನ ಆಕ್ಸಲ್‌ನಲ್ಲಿ. ಅದರ ಹೊಟ್ಟೆ, ಅಂದರೆ ಹಲ್ಲುಚಕ್ರಗಳಿರುವ ಗುಂಡು ಭಾಗ, ಬಲಕ್ಕಿತ್ತು. ನಮ್ಮ ಗೇರುಪೆಟ್ಟಿಗೆಯ ದಂಡ ಎಡಕ್ಕೆ ಬಂದಿತ್ತು. ಅದಕ್ಕೇನಂತೆ, ಮಗುಚಿ ಹಾಕಿದರೆ ಎಡಕ್ಕೆ ಬರುತ್ತದಲ್ಲ ಎಂದು ನಾವು ಮೂವರು ಬುದ್ಧಿವಂತರೂ ತಲೆಯಾಡಿಸಿ ಮಗುಚಿ ಹಾಕಿದೆವು. ಎಲ್ಲ ಜೋಡಿಸಿ, ಎಂಜಿನ್ ಚಾಲೂ ಮಾಡಿ ಕ್ಲಚ್ ಬಿಟ್ಟರೆ ಗುಬ್ಬಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಿಂತಲ್ಲೇ ನರಳುತ್ತಾ, ಇಡೀ ಮೈ ನಡುಗಿಸುತ್ತಾ ನೆಲ ಕೆರೆಯಿತು. ಅಪ್ಪ ಓಡಿಬಂದು ಬಾನೆಟ್ ಮೇಲೆ ಕೈಯಿಟ್ಟರು. ‘ನಿಮ್ಮಮ್ಮನಿಗೆ ಇಷ್ಟ ಇಲ್ಲ, ನಿಲ್ಲಿಸು’ ಅಂದರು. ನಲವತ್ತು ವರ್ಷ ಬಸ್ಸು ರಿಪೇರಿ ಮಾಡಿದ ಮನುಷ್ಯ ಹೇಳುವ ಮಾತೇ ಅದು? ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಹಾಗೇ ಅನ್ನಿಸಿತ್ತು. ಲೇತ್ ಮಾಮ ಜಾಕ್ ಕೊಟ್ಟು ನಾಲ್ಕೂ ಚಕ್ರ ಎತ್ತಿಸಿದ ಮೇಲೆ ಗೊತ್ತಾಯಿತು. ಹಿಂದಿನ ಚಕ್ರ ಮುಂದಕ್ಕೆ ತಿರುಗುತ್ತಿದೆ, ಮುಂದಿನದು ಹಿಂದಕ್ಕೆ. ಮಗುಚಿದರೆ ದಿಕ್ಕೂ ಮಗುಚುತ್ತದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಮ ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಹೊಟ್ಟೆ ಎಡಕ್ಕಿರುವ ಇನ್ನೊಂದು ಆಕ್ಸಲ್ ಹುಡುಕಿ ತರಲು ಮತ್ತೆ ಹದಿನೈದು ದಿನ ಹಿಡಿಯಿತು.

ಇದನ್ನು ಬರೆಯಬೇಕೋ ಬೇಡವೋ ತಿಳಿಯುತ್ತಿಲ್ಲ, ಆದರೂ ಬರೆಯುತ್ತೇನೆ. ನೀನು ಹೋದಂದಿನಿಂದ ಅಪ್ಪ ದಿನಾ ಬೆಳಗ್ಗೆ ಗುಬ್ಬಿಯ ಹಿಂದಿನ ಎಡಗಡೆಯ ಬಾಗಿಲು ತೆಗೆದು, ಸ್ವಲ್ಪ ಹೊತ್ತು ನಿಂತು, ಮುಚ್ಚುತ್ತಾರೆ. ಕೇಳಿದರೆ ಗಾಳಿ ಆಡಲಿ ಅಂತ ಅನ್ನುತ್ತಾರೆ. ಆ ಬಾಗಿಲು ಮಾತ್ರ, ಉಳಿದ ಬಾಗಿಲುಗಳಿಗೆ ಗಾಳಿ ಬೇಡವಂತೆ. ಕಾರೂ ಆ ಮೂಲೆಗೇ ಸ್ವಲ್ಪ ವಾಲಿರುತ್ತಿತ್ತು, ಅಲ್ಲಿ ಯಾರೋ ಕುಳಿತ ಹಾಗೆ. ಹಳೆಯ ಪಟ್ಟಿ ಸ್ಪ್ರಿಂಗ್ ಸೋತಿದೆ ಎಂದುಕೊಂಡಿದ್ದೆ. ಈಗ ನಾಲ್ಕು ಕಡೆಗೂ ಹೊಸ ಸ್ಪ್ರಿಂಗ್ ಹಾಕಿದ್ದೇವೆ, ಚೌಕಟ್ಟು ಹೊಸದು, ಅಳತೆಯನ್ನು ನಾನೇ ಮೂರು ಸಲ ಹಿಡಿದಿದ್ದೇನೆ. ಗುಬ್ಬಿ ಇನ್ನೂ ಅದೇ ಮೂಲೆಗೆ ವಾಲುತ್ತದೆ. ತಗಡಿನ ಮೈಯೇ ಸೊಟ್ಟಗಿರಬೇಕು ಎಂದು ಮಾಮ ಹೇಳಿದರು. ಇರಬಹುದು ಅಂದೆ. ನನಗೆ ಹೆದರಿಕೆಯಾಗುವುದಿಲ್ಲ, ಅಮ್ಮನಿಗೆ ಹೆದರುವುದೇನು? ಆದರೆ ಆ ಸೀಟಿನ ಮೇಲೆ ನಾನು ಇವತ್ತಿನವರೆಗೂ ಒಂದು ಸ್ಪ್ಯಾನರ್ ಕೂಡ ಇಟ್ಟಿಲ್ಲ.

ಹೋದ ವಾರ ಒಂದು ಸಂಜೆ, ಮಳೆ ನಿಂತ ಕೂಡಲೇ, ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಬ್ಬಿಯನ್ನು ಏರಿಗೆ ಒಯ್ದೆ. ಅಪ್ಪನನ್ನು ಕರೆದೆ, ಬರಲಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು ಮೊದಲ ಗೇರಿನಲ್ಲಿ ಬಿಟ್ಟೆ. ಗೋಡೆ ಹತ್ತುವ ಇರುವೆಯ ಹಾಗೆ ಹತ್ತಿತು ಅಣ್ಣಾ, ಒಂದು ಸಲವೂ ಜಾರಲಿಲ್ಲ. ಮಾಮ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ಇಷ್ಟೇನಾ? ಇಷ್ಟೇ ದಾರಿಯಾ? ಮೇಲೆ ನಿಂತರೆ ಆಸ್ಪತ್ರೆಯ ನೀರಿನ ಟ್ಯಾಂಕು ಕಣ್ಣೆದುರಿಗೇ ಕಾಣುತ್ತದೆ. ಅಲ್ಲಿ ಎಂಜಿನ್ ಆರಿಸಿದಾಗ ಹಿಂದಿನ ಎಡಬಾಗಿಲು ಟಕ್ ಎಂದು ತಾನೇ ತೆರೆದುಕೊಂಡಿತು. ಮೈ ಎತ್ತರಿಸಿದ್ದಕ್ಕೆ ಚಿಲಕ ಸಡಿಲಾಗಿದೆ, ನಾಳೆ ಸರಿಮಾಡು ಎಂದರು ಮಾಮ. ನಾನು ಇಳಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಮುಚ್ಚಿದೆ. ಚಿಲಕವನ್ನು ಇನ್ನೂ ಸರಿಮಾಡಿಲ್ಲ.

ಬೆಳಕು ಇಳಿಯುತ್ತಿದೆ, ಅಪ್ಪ ಎರಡು ಸಲ ಇಣುಕಿ ನೋಡಿ ಹೋದರು. ಅವರ ಆಶೀರ್ವಾದ ನಿನಗೆ ಯಾವಾಗಲೂ ಇದೆ, ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ ಎಂದು ನಿನಗೆ ಗೊತ್ತೇ ಇದೆ. ಲೇತ್ ಮಾಮ ಕೇಳಿದೆ ಅಂತ ಬರಿ ಅಂದರು. ಮೊಣಕಾಲಿಗೆ ಎಣ್ಣೆ ತಿಕ್ಕು, ಚಳಿಗೆ ಮೊದಲು ಒಂದು ಒಳ್ಳೆಯ ಸ್ವೆಟರ್ ತೆಗೆದುಕೋ.

ನಿನಗೆ ನನ್ನ ನಮಸ್ಕಾರ,

ನಿನ್ನ ತಂಗಿ,
ಕಿಡಿ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚುವ ಮೊದಲು ಬೇಗ ಬೇಗ ಬರೆದುಬಿಡುತ್ತೇನೆ, ತಡಮಾಡಿದರೆ ಧೈರ್ಯ ಹೋಗುತ್ತದೆ. ಗುಬ್ಬಿಯನ್ನು ಬಿಚ್ಚುವ ಮೊದಲು, ಜೂನ್‌ನಲ್ಲಿ ಮೂರು ದಿನ ಮಳೆ ಹೊಡೆದ ಮೇಲೆ, ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಅದನ್ನು ಇದ್ದ ಹಾಗೇ ಏರಿಗೆ ಒಯ್ದಿದ್ದೆ. ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಅಮ್ಮನ ತೂಕದಷ್ಟು ಮರಳಿನ ಚೀಲ ಇಟ್ಟಿದ್ದೆ. ಮೊದಲ ಸಲ ಅರ್ಧದಲ್ಲಿ ಜಾರಿತು, ನೀನು ಬರೆದ ಜಾಗದಲ್ಲೇ. ಎರಡನೇ ಸಲ ಹತ್ತಿತು ಅಣ್ಣಾ. ಒದ್ದಾಡಿಕೊಂಡು, ಅಡ್ಡಾದಿಡ್ಡಿಯಾಗಿ, ಆದರೆ ಹತ್ತಿತು. ಹತ್ತಲಿಲ್ಲ ಎಂದು ನಿನಗೆ ಬರೆಯಲು ಹೋಗಿ ಮೂರು ತಿಂಗಳಿಂದ ಎಷ್ಟೋ ಹಾಳೆ ಹರಿದಿದ್ದೇನೆ. ಮರಳಿನ ಚೀಲ ಉಸಿರಿಗೆ ಒದ್ದಾಡುವುದಿಲ್ಲ, ಮಗಾ ಎಂದು ಕರೆಯುವುದಿಲ್ಲ, ನಿನ್ನ ಜಾಗದಲ್ಲಿ ನಾನಿದ್ದರೂ ತಿರುಗಿಸುತ್ತಿದ್ದೆನೇನೋ. ಆದರೂ ಹತ್ತಿತು. ಒಂದು ವಾರ ನಿನ್ನ ಮೇಲೆ ಸಿಟ್ಟಿನಲ್ಲಿ ಕುದಿದೆ, ಒಬ್ಬಳೇ ಬೈದೆ. ಆಮೇಲೆ ಸಿಟ್ಟು ಹೋಯಿತು, ನೀನಿಲ್ಲದ ನೋವು ಹಾಗೇ ಉಳಿಯಿತು. ಅಪ್ಪನಿಗೆ ನಾನಾಗಿ ಹೇಳಲಿಲ್ಲ. ಏರು ಹತ್ತಿಸಿದ ಮರುದಿನ ಬೆಳಗ್ಗೆ ಎದ್ದು ಬಂದರೆ ಅವರು ಬಕೆಟ್ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತು ಗುಬ್ಬಿಯ ಟೈರಿಗೆ ಮೆತ್ತಿದ್ದ ಕೆಂಪು ಜೇಡಿಯನ್ನು ತೊಳೆಯುತ್ತಿದ್ದರು. ನಿನ್ನ ಪತ್ರ ಅವರ ಕಣ್ಣಿಗೂ ಬಿದ್ದಿತ್ತೇನೋ, ತಲೆ ಎತ್ತದೆ ‘ಹತ್ತಿತಾ?’ ಎಂದು ಕೇಳಿದರು. ಹತ್ತಿತು ಅಂದೆ. ನಾಲ್ಕೂ ಟೈರು ತೊಳೆದು ಮುಗಿಸಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಅಂದರು: ‘ಅವನಿಗೆ ಸುಳ್ಳು ಬರೀಬೇಡ. ಹತ್ತಿತು ಅಂತಾನೇ ಬರಿ. ಬರೆದು, ಅಪ್ಪ ಬಾ ಅಂದ್ರು ಅಂತ ಬರಿ.’